ಯಾವ ಕ್ರೂಸರ್‌ನ ಬೆನ್ನು ಹತ್ತಬೇಕು? ಐದು ಹಡಗು, ಐದು ಬಗೆಯ ಓದು

ಮೊದಲ ಮಹಾಯುದ್ಧದ ನೌಕಾ ಇತಿಹಾಸ ಓದಲು ಹೊರಟವರು ಕೆಲವು ತಿಂಗಳಲ್ಲಿ ಒಂದು ಹಂತಕ್ಕೆ ಬಂದು ನಿಲ್ಲುತ್ತಾರೆ. ದೊಡ್ಡ ಕದನಗಳ ಕಥೆ ಗೊತ್ತಾಗಿರುತ್ತದೆ. ಇನ್ನು ಒಂದೇ ಒಂದು ಹಡಗನ್ನು ಹಿಡಿದು, ಅದು ನೀರಿಗಿಳಿದ ದಿನದಿಂದ ಕೊನೆಯವರೆಗೂ ಹಿಂಬಾಲಿಸಬೇಕು ಅನ್ನಿಸುತ್ತದೆ. ಅದರಲ್ಲೂ ಬ್ರಿಟಿಷರ ಆರ್ಮರ್ಡ್ ಕ್ರೂಸರ್‌ಗಳು ಬೇಗ ಮನಸ್ಸು ಸೆಳೆಯುತ್ತವೆ. ಮೂರೋ ನಾಲ್ಕೋ ಹೊಗೆಕೊಳವೆ, ಉದ್ದನೆಯ ಮೈ, ಊರೂರು ತಿರುಗಿದ ಬದುಕು. ಆದರೆ ಯಾವುದನ್ನು ಹಿಡಿಯುವುದು? ಹ್ಯಾಂಪ್‌ಶೈರ್ ಅಂತ ಒಬ್ಬರು, ಗುಡ್ ಹೋಪ್ ಅಂತ ಇನ್ನೊಬ್ಬರು. ಎರಡರ ನಡುವೆ ತೂಗಾಡುತ್ತಾ ಎರಡನ್ನೂ ಓದದೆ ಬಿಟ್ಟವರನ್ನೂ ಕಂಡಿದ್ದೇನೆ.

ಈ ಜಾತಿಯ ಹಡಗಿನ ಬಗ್ಗೆ ಮೊದಲು ಎರಡು ಮಾತು. ಹಳೆಯ ಕ್ರೂಸರ್‌ಗಳಲ್ಲಿ ಉಕ್ಕಿನ ರಕ್ಷಣೆ ಒಳಗಿನ ಡೆಕ್‌ಗೆ ಮಾತ್ರ ಇರುತ್ತಿತ್ತು. ಹಡಗಿನ ಪಕ್ಕ ಬರೀ ತೆಳು ತಗಡು. ಜರ್ಮನಿಯ ಕ್ರುಪ್ ಕಂಪನಿಯ ಹೊಸ ಉಕ್ಕು ಬಂದ ಮೇಲೆ, ತೂಕ ಜಾಸ್ತಿ ಮಾಡದೆ ಪಕ್ಕಕ್ಕೂ ಕವಚದ ಪಟ್ಟಿ ಕಟ್ಟುವುದು ಸಾಧ್ಯವಾಯಿತು. ಅದೇ ಆರ್ಮರ್ಡ್ ಕ್ರೂಸರ್. 1899ರಿಂದ 1907ರ ನಡುವೆ ಬ್ರಿಟನ್ ಇಂಥ 35 ಹಡಗುಗಳನ್ನು ನೀರಿಗಿಳಿಸಿತು. ಏಳು ವರ್ಗ, ಕ್ರೆಸ್ಸಿಯಿಂದ ಮಿನೊಟಾರ್‌ವರೆಗೆ. ವ್ಯಾಪಾರದ ಹಡಗುಗಳನ್ನು ಕಾಯುವುದು, ದೂರದ ಸಮುದ್ರಗಳಲ್ಲಿ ಬಾವುಟ ತೋರಿಸುವುದು, ಯುದ್ಧ ಬಂದರೆ ದೊಡ್ಡ ನೌಕಾಪಡೆಯ ಮುಂದೆ ಓಡಿ ಶತ್ರುವನ್ನು ಹುಡುಕುವುದು, ಇಷ್ಟು ಅವುಗಳ ಕೆಲಸ.

1908ರಲ್ಲಿ ಇನ್‌ವಿನ್ಸಿಬಲ್ ಎಂಬ ಬ್ರಿಟನ್ನಿನದೇ ಹೊಸ ಬಗೆಯ ಹಡಗು, ಬ್ಯಾಟಲ್‌ಕ್ರೂಸರ್, ಬಂತು. ಎಂಟು 12 ಅಂಗುಲದ ಫಿರಂಗಿ, ಟರ್ಬೈನ್ ಎಂಜಿನ್, 25 ನಾಟ್ ವೇಗ. ಅಲ್ಲಿಗೆ ಈ 35 ಹಡಗುಗಳೂ ಒಂದೇ ಏಟಿಗೆ ಹಳತಾದವು. ಬಣ್ಣ ಆರುವ ಮುಂಚೆಯೇ ಮುದಿಯಾದವು ಅಂದರೂ ತಪ್ಪಿಲ್ಲ. ಆದರೂ 1914ರಲ್ಲಿ ಅವನ್ನೇ ಯುದ್ಧಕ್ಕೆ ಕಳಿಸಬೇಕಾಯಿತು. 1914ರಿಂದ 1918ರ ಕೊನೆಯೊಳಗೆ 13 ಹಡಗುಗಳು ಹೋದವು. ಟಾರ್ಪೆಡೊ, ಮೈನ್, ಶತ್ರುವಿನ ಫಿರಂಗಿ, ಬಂಡೆ, ಮರಳದಿಬ್ಬ, ತಮ್ಮದೇ ಮದ್ದಿನ ಕೋಣೆ. ಒಂದು ಹಡಗು ಎಷ್ಟು ಬಗೆಯಲ್ಲಿ ಸಾಯಬಹುದೋ ಅಷ್ಟೂ ಬಗೆ ಈ ಪಟ್ಟಿಯಲ್ಲಿದೆ.

ಅಳತೆಗೋಲು

ಹೆಚ್ಚಿನವರು ಹಡಗನ್ನು ಅದರ ಸಾವು ನೋಡಿ ಆರಿಸಿಕೊಳ್ಳುತ್ತಾರೆ. ನಾನೂ ಹಾಗೇ ಶುರು ಮಾಡಿದ್ದೆ. ಸಾವು ದೊಡ್ಡದಾಗಿದ್ದರೆ ಕಥೆಯೂ ದೊಡ್ಡದು ಅಂದುಕೊಂಡಿದ್ದೆ. ಅದು ತಪ್ಪು ಲೆಕ್ಕ. ಸಾವಿನ ಕಥೆ ಒಂದು ಸಂಜೆಗೆ ಮುಗಿಯುತ್ತದೆ. ನಿಮಗೆ ಬೇಕಾದ್ದು ಸೇವೆಯ ಕಥೆ ಅಂದರೆ ಬೇರೆ ಪ್ರಶ್ನೆಗಳನ್ನು ಕೇಳಬೇಕು.

ಮೊದಲನೆಯದು, ಆ ಹಡಗು ಎಷ್ಟು ಬಗೆಯ ಕೆಲಸ ಮಾಡಿತು? ಒಂದೇ ಬಂದರಿನಲ್ಲಿ ಹತ್ತು ವರ್ಷ ಕೂತಿದ್ದರೆ ಓದುವವರಿಗೆ ಆಕಳಿಕೆ ಬರುತ್ತದೆ.

ಎರಡನೆಯದು, ಒಳಗಿದ್ದವರು ಯಾರಾದರೂ ಉಳಿದರಾ? ಇದು ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯ. ಎಲ್ಲರೂ ಮುಳುಗಿದ ಹಡಗಿನ ಕೊನೆಯನ್ನು ನೀವು ಹೊರಗಿನಿಂದ, ಬಹಳ ಸಲ ಶತ್ರುವಿನ ಕಣ್ಣಿನಿಂದ ಮಾತ್ರ ನೋಡಬಹುದು. ಬಾಯ್ಲರ್ ಕೋಣೆಯಲ್ಲಿ ಏನಾಯಿತು, ಫಿರಂಗಿಯ ಹತ್ತಿರ ಯಾರು ಏನು ಮಾಡಿದರು, ಅದು ಯಾವತ್ತೂ ಸಿಗುವುದಿಲ್ಲ.

ಮೂರನೆಯದು, ಈ ಜಾತಿಯ ಗುಣ ಮತ್ತು ಹುಳುಕು ಎರಡೂ ಆ ಒಂದು ಹಡಗಿನಲ್ಲಿ ಕಾಣುತ್ತವಾ? ನಾಲ್ಕನೆಯದು, ನಮ್ಮ ಕಡೆಯ ಸಮುದ್ರಕ್ಕೆ ಬಂದಿತ್ತಾ? ಇದು ಕಡ್ಡಾಯ ಅಲ್ಲ, ಆದರೆ ಬಂದಿದ್ದರೆ ಓದುವ ರುಚಿಯೇ ಬೇರೆ. ಕೊನೆಯದು ಸಮಯ ಮತ್ತು ಕಾಸು. ಒಂದು ಸಂಜೆಯ ಓದು ಬೇಕೋ, ಆರು ತಿಂಗಳ ಬೆನ್ನುಹತ್ತುವಿಕೆ ಬೇಕೋ? ಮೊಬೈಲ್‌ನಲ್ಲಿ ಪುಕ್ಕಟೆ ಸಿಗುವುದು ಸಾಕೋ, ಪ್ರಯಾಣಕ್ಕೂ ದುಡ್ಡು ಎತ್ತಿಟ್ಟಿದ್ದೀರೋ?

ಈಗ ಒಂದೊಂದನ್ನೇ ತೂಗೋಣ.

ಕ್ರೆಸ್ಸಿ ಮತ್ತು ಅದರ ಜೊತೆಗಾರರು

ಸಮಯ ಕಡಿಮೆ ಇದ್ದವರಿಗೆ ಇದು. ಅಬೌಕಿರ್, ಹೋಗ್, ಕ್ರೆಸ್ಸಿ ಮೂರೂ ಒಂದೇ ವರ್ಗದ ಹಡಗುಗಳು. ಯುದ್ಧ ಶುರುವಾದಾಗ ಹಳೆಯವಾಗಿದ್ದವು, ನಾವಿಕರಲ್ಲಿ ಬಹಳ ಮಂದಿ ಮೀಸಲು ಪಡೆಯಿಂದ ಬಂದ ನಡುವಯಸ್ಸಿನವರು. ಜೊತೆಗೆ ನೌಕಾ ಶಾಲೆಯಿಂದ ನೇರ ಬಂದ ಹುಡುಗರು. ಹಾಲೆಂಡ್ ಕರಾವಳಿಯ ಆಚೆ ಕಾವಲಿಗೆ ಬಿಟ್ಟಿದ್ದರು. ಇವು ಶತ್ರುವಿಗೆ ಗಾಳಕ್ಕೆ ಸಿಕ್ಕಿಸಿದ ಎರೆಹುಳ ಅಂತ ನೌಕಾಪಡೆಯೊಳಗೇ ಆಡಿಕೊಳ್ಳುತ್ತಿದ್ದರು.

1914ರ ಸೆಪ್ಟೆಂಬರ್ 22ರ ಬೆಳಿಗ್ಗೆ ಆ ಮಾತು ನಿಜವಾಯಿತು. ಜರ್ಮನಿಯ ಯು-9 ಜಲಾಂತರ್ಗಾಮಿಯ ಕಮಾಂಡರ್ ಒಟ್ಟೊ ವೆಡ್ಡಿಗೆನ್ ಮೊದಲು ಅಬೌಕಿರ್‌ಗೆ ಟಾರ್ಪೆಡೊ ಹೊಡೆದ. ಮೈನ್ ತಗುಲಿರಬೇಕು ಅಂದುಕೊಂಡು ಉಳಿದೆರಡು ಹಡಗುಗಳು ನಾವಿಕರನ್ನು ಎತ್ತಿಕೊಳ್ಳಲು ಹತ್ತಿರ ಬಂದು ನಿಂತವು. ನಿಂತ ಹಡಗಿಗಿಂತ ಸುಲಭದ ಗುರಿ ಇನ್ನೇನಿದೆ? ಸುಮಾರು ಒಂದೂವರೆ ಗಂಟೆಯಲ್ಲಿ ಮೂರೂ ಮುಳುಗಿದವು. 1,459 ಜನ ಸತ್ತರು, 837 ಜನ ಉಳಿದರು. ಹದಿನೈದು ವರ್ಷದ ಒಬ್ಬ ಮಿಡ್‌ಶಿಪ್‌ಮನ್ (ಕಲಿಯುತ್ತಿರುವ ಎಳೆಯ ಅಧಿಕಾರಿ) ಅಬೌಕಿರ್‌ನಿಂದ ನೀರಿಗೆ ಹಾರಿ, ಹೋಗ್ ಹತ್ತಿ, ಅದೂ ಮುಳುಗಿ, ಕ್ರೆಸ್ಸಿ ಹತ್ತಿ, ಅದೂ ಮುಳುಗಿ, ಕೊನೆಗೆ ಬದುಕಿಕೊಂಡ.

ಉಳಿದವರು ಹೇಳಿದ್ದು ಬೇಕಾದಷ್ಟಿದೆ, ಆದ್ದರಿಂದ ಎರಡನೇ ಅಳತೆಗೆ ಪೂರ್ತಿ ಅಂಕ. ಆದರೆ ಮೊದಲಿನ 12-13 ವರ್ಷಗಳ ಸೇವೆಯಲ್ಲಿ ಹಿಡಿದು ಕೂರಿಸುವಂಥದ್ದು ಕಡಿಮೆ. ಯುದ್ಧದಲ್ಲಿ ಜಲಾಂತರ್ಗಾಮಿ ಏನು ಮಾಡಬಲ್ಲದು ಅಂತ ಅರ್ಥ ಮಾಡಿಕೊಳ್ಳಲು ಇದನ್ನು ಓದಿ. ಒಂದು ಹಡಗಿನ ಬದುಕು ಅಂತ ಓದಬೇಡಿ.

ಗುಡ್ ಹೋಪ್

ಹೆಸರು ಚೆಂದ, ಹಣೆಬರಹ ಕೆಟ್ಟದ್ದು. ಡ್ರೇಕ್ ವರ್ಗದ ದೊಡ್ಡ ಹಡಗು, 14 ಸಾವಿರ ಟನ್ ಮೀರಿದ ತೂಕ, 1901ರಲ್ಲಿ ಗ್ಲಾಸ್ಗೊದ ಗೋವನ್‌ನಲ್ಲಿ ನೀರಿಗಿಳಿಯಿತು. 1902ರ ಕೊನೆಯಲ್ಲಿ ವಸಾಹತು ಮಂತ್ರಿ ಜೋಸೆಫ್ ಚೇಂಬರ್ಲೇನ್‌ರನ್ನು ದಕ್ಷಿಣ ಆಫ್ರಿಕಾಕ್ಕೆ ಕರೆದೊಯ್ದಿತು. ಬೋಯರ್ ಯುದ್ಧ ಮುಗಿದ ಹೊಸತು. ಆಮೇಲೆ ಮೀಸಲಿಗೆ ಹೋಯಿತು. 1914ರಲ್ಲಿ ಮೀಸಲು ನಾವಿಕರನ್ನು ತುಂಬಿಕೊಂಡು ರಿಯರ್ ಅಡ್ಮಿರಲ್ ಕ್ರಿಸ್ಟೋಫರ್ ಕ್ರಾಡಕ್‌ರ ಮುಖ್ಯ ಹಡಗಾಗಿ ದಕ್ಷಿಣ ಅಮೆರಿಕದ ಕಡೆ ಹೊರಟಿತು.

ನವೆಂಬರ್ 1ರ ಸಂಜೆ ಚಿಲಿಯ ಕೊರೊನೆಲ್ ಆಚೆ ಜರ್ಮನ್ ಅಡ್ಮಿರಲ್ ವಾನ್ ಸ್ಪೀ ಎದುರಾದ. ಶಾರ್ನ್‌ಹಾರ್ಸ್ಟ್, ಗ್ನೈಸೆನಾವ್ ಎಂಬ ಅವನ ಎರಡು ಹಡಗುಗಳಲ್ಲೂ ಎಂಟೆಂಟು 8.2 ಅಂಗುಲದ ಫಿರಂಗಿ. ಗುಡ್ ಹೋಪ್‌ನಲ್ಲಿ ಅಷ್ಟು ದೂರ ಹೊಡೆಯಬಲ್ಲವು ಎರಡೇ, 9.2 ಅಂಗುಲದವು. ಉಳಿದ 6 ಅಂಗುಲದ ಫಿರಂಗಿಗಳಲ್ಲಿ ಅರ್ಧ ಹಡಗಿನ ಪಕ್ಕದಲ್ಲಿ, ನೀರಿಗೆ ಹತ್ತಿರದ ಗೂಡುಗಳಲ್ಲಿ ಕೂತಿದ್ದವು. ಅಲೆ ಎದ್ದರೆ ಆ ಗೂಡಿನ ಬಾಗಿಲು ತೆಗೆಯುವ ಹಾಗೇ ಇಲ್ಲ. ಅವತ್ತು ಅಲೆ ಎದ್ದಿತ್ತು. ಸೂರ್ಯ ಮುಳುಗಿದ ಮೇಲೆ ಬ್ರಿಟಿಷ್ ಹಡಗುಗಳು ಪಡುವಣದ ಕೆಂಪು ಬೆಳಕಿಗೆ ಎದುರಾಗಿ ಕರಿ ನೆರಳಿನಂತೆ ಎದ್ದು ಕಂಡವು. ಜರ್ಮನ್ ಹಡಗುಗಳು ಚಿಲಿಯ ಕರಾವಳಿಯ ಕತ್ತಲಲ್ಲಿ ಕರಗಿಹೋದವು.

ಗುಡ್ ಹೋಪ್, ಅದರ ಜೊತೆಗಿದ್ದ ಮನ್ಮತ್, ಎರಡೂ ಹೋದವು. 1,500ಕ್ಕೂ ಹೆಚ್ಚು ಜನ. ಒಬ್ಬನೂ ಉಳಿಯಲಿಲ್ಲ. ಕೆನಡಾದ ನಾಲ್ವರು ಎಳೆಯ ಮಿಡ್‌ಶಿಪ್‌ಮನ್‌ಗಳೂ ಗುಡ್ ಹೋಪ್‌ನಲ್ಲಿದ್ದರು. ಜರ್ಮನ್ನರ ಕಡೆ ಗಾಯಗೊಂಡವರು ಮೂರು ಜನ.

ಈ ಜಾತಿಯ ಹುಳುಕು ಏನು ಅಂತ ತಿಳಿಯಬೇಕಾದರೆ ಇದಕ್ಕಿಂತ ನೇರ ಪಾಠ ಇಲ್ಲ. ಕ್ರಾಡಕ್ ಯಾಕೆ ಹಿಂದೆ ಸರಿಯಲಿಲ್ಲ, ನಿಧಾನವಾಗಿ ಬರುತ್ತಿದ್ದ ಹಳೆಯ ಯುದ್ಧನೌಕೆ ಕ್ಯಾನೋಪಸ್‌ಗೆ ಯಾಕೆ ಕಾಯಲಿಲ್ಲ, ಲಂಡನ್ನಿನಿಂದ ಹೋದ ಆದೇಶಗಳು ಎಷ್ಟು ಗೊಂದಲದವು, ಈ ವಾದಗಳು ನೂರು ವರ್ಷದಿಂದ ನಿಂತಿಲ್ಲ. ವಾದ ಇಷ್ಟಪಡುವವರು, ತಂತಿ ಸಂದೇಶಗಳನ್ನು ಒಂದರ ಪಕ್ಕ ಒಂದಿಟ್ಟು ಓದುವ ತಾಳ್ಮೆ ಇರುವವರು ಗುಡ್ ಹೋಪ್ ತಗೊಳ್ಳಿ. ಆದರೆ ಒಳಗಿನ ದನಿ ಒಂದೂ ಸಿಗುವುದಿಲ್ಲ ಅನ್ನುವುದು ನೆನಪಿರಲಿ. ಆ ಸಂಜೆಯನ್ನು ನೀವು ಪಾರಾದ ಗ್ಲಾಸ್ಗೊ ಹಡಗಿನವರ ಮತ್ತು ಜರ್ಮನ್ನರ ಕಣ್ಣಿನಿಂದಲೇ ನೋಡಬೇಕು.

ಡಿಫೆನ್ಸ್

ಇದು ಬ್ರಿಟಿಷರು ಕಟ್ಟಿದ ಕೊನೆಯ ಆರ್ಮರ್ಡ್ ಕ್ರೂಸರ್. 1907ರಲ್ಲಿ ಪೆಂಬ್ರೋಕ್‌ನಲ್ಲಿ ನೀರಿಗಿಳಿದು 1909ರಲ್ಲಿ ಸೇವೆಗೆ ಬಂತು. ಅಷ್ಟು ಹೊತ್ತಿಗೆ ಇನ್‌ವಿನ್ಸಿಬಲ್ ಓಡಾಡುತ್ತಿತ್ತು. ಮದುವೆ ಮಂಟಪಕ್ಕೆ ಬರುವ ಹೊತ್ತಿಗೆ ಊಟ ಮುಗಿದಿತ್ತು ಅನ್ನಿ.

ನನಗೆ ಡಿಫೆನ್ಸ್ ಅಂದರೆ ಸ್ವಲ್ಪ ಮರುಕ. ಇತಿಹಾಸದ ದೊಡ್ಡ ಗಳಿಗೆಗಳ ಪಕ್ಕದಲ್ಲೇ ಇದ್ದು, ಪ್ರತಿ ಸಲವೂ ಸ್ವಲ್ಪದರಲ್ಲಿ ತಪ್ಪಿಸಿಕೊಂಡ ಹಡಗು ಇದು. 1911ರಲ್ಲಿ ಐದನೇ ಜಾರ್ಜ್ ದೆಹಲಿ ದರ್ಬಾರಿಗೆ ಮೆಡಿನಾ ಹಡಗಿನಲ್ಲಿ ಬಂದರಲ್ಲ, ಆಗ ಕಾವಲಿಗೆ ಬಂದ ನಾಲ್ಕು ಆರ್ಮರ್ಡ್ ಕ್ರೂಸರ್‌ಗಳಲ್ಲಿ ಡಿಫೆನ್ಸ್ ಒಂದು. ಉಳಿದವು ಕಾಕ್ರೇನ್, ಆರ್ಗೈಲ್, ನೇಟಾಲ್. ಮುಂಬಯಿಯ ಗೇಟ್‌ವೇ ಆಫ್ ಇಂಡಿಯಾ ಮುಂದೆ ನಿಂತು ಫೋಟೊ ತೆಗೆಸಿಕೊಂಡವರಿಗೆ, ಅದು ಆ ಭೇಟಿಯ ನೆನಪಿಗೆ ಕಟ್ಟಿದ್ದು ಅಂತ ಗೊತ್ತಿರುತ್ತದೆ. ಆ ನಾಲ್ಕು ಹಡಗುಗಳಲ್ಲಿ ಒಂದೂ ಯುದ್ಧದಿಂದ ಮನೆಗೆ ಮರಳಲಿಲ್ಲ. ಆರ್ಗೈಲ್ ಸ್ಕಾಟ್ಲೆಂಡಿನ ಬೆಲ್ ರಾಕ್ ಬಂಡೆಗೆ ಬಡಿಯಿತು. ನೇಟಾಲ್ 1915ರ ಡಿಸೆಂಬರ್ 30ರಂದು, ಹೆಂಗಸರು ಮಕ್ಕಳು ಹಡಗಿನ ಮೇಲೆ ಔತಣಕ್ಕೆ ಬಂದಿದ್ದಾಗ, ಲಂಗರು ಹಾಕಿದ ಜಾಗದಲ್ಲೇ ಸಿಡಿಯಿತು. ಕಾಕ್ರೇನ್ ಕದನವಿರಾಮ ಆದ ಮೂರೇ ದಿನಕ್ಕೆ ಮರ್ಸಿ ನದಿಯ ಬಾಯಲ್ಲಿ ನೆಲಕ್ಕೆ ಕೂತು ಒಡೆಯಿತು.

ಡಿಫೆನ್ಸ್ ಕಥೆಗೆ ಬರೋಣ. 1914ರ ಆಗಸ್ಟ್‌ನಲ್ಲಿ ಅದು ಮೆಡಿಟರೇನಿಯನ್‌ನಲ್ಲಿ ರಿಯರ್ ಅಡ್ಮಿರಲ್ ಟ್ರೌಬ್ರಿಜ್‌ರ ಮುಖ್ಯ ಹಡಗು. ಜರ್ಮನಿಯ ಗೋಬೆನ್ ತುರ್ಕಿಯ ಕಡೆ ಓಡುತ್ತಿತ್ತು. ಟ್ರೌಬ್ರಿಜ್ ಕೈಯಲ್ಲಿ ನಾಲ್ಕು ಆರ್ಮರ್ಡ್ ಕ್ರೂಸರ್. ಎದುರು ಒಂದೇ ಹಡಗು, ಆದರೆ ಅದರಲ್ಲಿ ಹತ್ತು 11 ಅಂಗುಲದ ಫಿರಂಗಿ. ಹಗಲು ಬೆಳಕಿನಲ್ಲಿ ದೂರದಿಂದಲೇ ನಮ್ಮನ್ನು ಮುಗಿಸುತ್ತದೆ ಅಂತ ಲೆಕ್ಕ ಹಾಕಿ ಅವರು ತಿರುಗಿಬಿಟ್ಟರು. ಕೋರ್ಟ್ ಮಾರ್ಷಲ್ ಆಯಿತು, ಖುಲಾಸೆಯೂ ಆಯಿತು. ಆದರೆ ಆ ಕಳಂಕದ ನೆರಳು ಕೊರೊನೆಲ್‌ವರೆಗೆ ಚಾಚಿತು ಅನ್ನುವವರಿದ್ದಾರೆ: ಹಿಂದೆ ಸರಿದವನ ಗತಿ ನೋಡಿದ ಕ್ರಾಡಕ್ ಮುಂದೆ ನುಗ್ಗಿದ ಅಂತ. ಅದೇ ಕ್ರಾಡಕ್‌ರ ಸಹಾಯಕ್ಕೆ ಡಿಫೆನ್ಸ್ ಕಳಿಸುವುದೋ ಬೇಡವೋ ಅಂತ ಲಂಡನ್ ಮನಸ್ಸು ಬದಲಿಸುತ್ತಲೇ ಇತ್ತು. ಕೊನೆಗೆ ಹಡಗು ದಕ್ಷಿಣ ಅಮೆರಿಕ ತಲುಪುವಾಗ ಗುಡ್ ಹೋಪ್ ಆಗಲೇ ತಳದಲ್ಲಿತ್ತು.

ಆಮೇಲೆ ಜಟ್‌ಲೆಂಡ್, ಬ್ರಿಟಿಷ್ ಮತ್ತು ಜರ್ಮನ್ ನೌಕಾಪಡೆಗಳ ದೊಡ್ಡ ಕದನ. 1916ರ ಮೇ 31ರ ಸಂಜೆ ರಿಯರ್ ಅಡ್ಮಿರಲ್ ರಾಬರ್ಟ್ ಅರ್ಬತ್‌ನಾಟ್ ಹಾಳಾಗಿ ನಿಂತಿದ್ದ ಜರ್ಮನಿಯ ವೀಸ್‌ಬಾಡೆನ್ ಹಡಗನ್ನು ಮುಗಿಸಲು ಡಿಫೆನ್ಸ್ ಮತ್ತು ವಾರಿಯರ್ ಜೊತೆ ನುಗ್ಗಿದರು. ಎದುರಿಗೆ ಮಂಜಿನೊಳಗಿಂದ ಜರ್ಮನಿಯ ದೊಡ್ಡ ಹಡಗುಗಳು. 6 ಗಂಟೆ 20 ನಿಮಿಷಕ್ಕೆ ಡಿಫೆನ್ಸ್ ಸಿಡಿಯಿತು. ಸುಮಾರು 900 ಜನ, ಎಲ್ಲರೂ ಹೋದರು. ಹಡಗು ಚೂರುಚೂರಾಯಿತು ಅಂತ ದಶಕಗಟ್ಟಲೆ ನಂಬಿದ್ದರು. 2001ರಲ್ಲಿ ಮುಳುಗುಗಾರರು ಇಳಿದು ನೋಡಿದರೆ ಬಹುಪಾಲು ಮೈ ಹಾಗೇ ಇತ್ತು.

ಅಂದರೆ ಕೆಲಸದ ಬಗೆ, ನಮ್ಮ ಸಮುದ್ರ, ಜಾತಿಯ ಹುಳುಕು, ಮೂರಕ್ಕೂ ಡಿಫೆನ್ಸ್ ನಿಲ್ಲುತ್ತದೆ. ಸೋಲುವುದು ಒಂದೇ ಕಡೆ, ಒಳಗಿನ ದನಿ ಇಲ್ಲ. ಜಟ್‌ಲೆಂಡ್ ಒಳಗಿನಿಂದಲೇ ಬೇಕು ಅಂದರೆ ಜೊತೆಗಿದ್ದ ವಾರಿಯರ್ ಓದಿ. ಅದು ರಾತ್ರಿಯಿಡೀ ನೀರು ಕುಡಿಯುತ್ತಾ ತೇಲಿತು. ಎಂಗಡೈನ್ ಎಂಬ ಪುಟ್ಟ ವಿಮಾನವಾಹಕ ಹಗ್ಗ ಕಟ್ಟಿ ಎಳೆಯಿತು, ಬೆಳಿಗ್ಗೆ ಏಳು ನೂರಕ್ಕೂ ಹೆಚ್ಚು ಜನರನ್ನು ತನ್ನ ಮೇಲೆ ಹತ್ತಿಸಿಕೊಂಡಿತು. ಇವರೆಲ್ಲ ಬದುಕಿ ಬಂದು ಮಾತಾಡಿದವರು.

ಹ್ಯಾಂಪ್‌ಶೈರ್

ನಮ್ಮ ಕಡೆಯ ಓದುಗರಿಗೆ ಇದು ಸುಲಭದ ಬಾಗಿಲು. ಯಾಕೆ ಅಂದರೆ ಜರ್ಮನಿಯ ಕ್ರೂಸರ್ ಎಮ್ಡೆನ್. ಚೆನ್ನೈ ಕಡೆ ನೆಂಟರಿದ್ದವರಿಗೆ ಈ ಹೆಸರು ಹೊಸದಲ್ಲ. ತಮಿಳಿನಲ್ಲಿ ಖಿಲಾಡಿ ಮನುಷ್ಯನಿಗೆ ಈಗಲೂ ಎಮ್ಡನ್ ಅನ್ನುತ್ತಾರೆ. ಮದ್ರಾಸ್ ಬಂದರಿನ ಎಣ್ಣೆ ತೊಟ್ಟಿಗಳ ಮೇಲೆ ಅದು ಗುಂಡು ಸುರಿಸಿದ್ದು 1914ರ ಸೆಪ್ಟೆಂಬರ್ 22ರ ರಾತ್ರಿ. ದಿನಾಂಕ ಗಮನಿಸಿದಿರಾ? ಬೆಳಿಗ್ಗೆ ಹಾಲೆಂಡ್ ಆಚೆ ಕ್ರೆಸ್ಸಿ ಮತ್ತು ಜೊತೆಯವು, ರಾತ್ರಿ ಮದ್ರಾಸ್. ಬ್ರಿಟಿಷ್ ನೌಕಾಪಡೆಗೆ ಅಂಥ ಇನ್ನೊಂದು ದಿನ ಸಿಗುವುದು ಕಷ್ಟ.

ಆ ಎಮ್ಡೆನ್‌ನ ಹಿಂದೆ ಬಂಗಾಳ ಕೊಲ್ಲಿಯಲ್ಲಿ ಅಲೆದ ಹಡಗುಗಳಲ್ಲಿ ಹ್ಯಾಂಪ್‌ಶೈರ್ ಮುಖ್ಯವಾದದ್ದು. 1903ರಲ್ಲಿ ನೀರಿಗಿಳಿದ ಡೆವನ್‌ಶೈರ್ ವರ್ಗದ ಹಡಗು, ಯುದ್ಧಕ್ಕೆ ಮುಂಚೆ ಚೀನಾ ಠಾಣ್ಯದಲ್ಲಿತ್ತು. ಎಮ್ಡೆನ್‌ಗೆ ಇದ್ದದ್ದು ಮೂರು ಹೊಗೆಕೊಳವೆ, ಬ್ರಿಟಿಷ್ ಕ್ರೂಸರ್‌ನಂತೆ ಕಾಣಲು ನಾಲ್ಕನೆಯದನ್ನು ಕ್ಯಾನ್ವಾಸ್‌ನಲ್ಲಿ ಕಟ್ಟಿಕೊಂಡಿತ್ತು. ಅದು ಹ್ಯಾಂಪ್‌ಶೈರ್ ಕೈಗೆ ಸ್ವಲ್ಪದರಲ್ಲೇ ಸಿಗದೆ ಹೋಗುತ್ತಿತ್ತು. ಕೊನೆಗೆ ನವೆಂಬರ್ 9ರಂದು ಕೊಕೊಸ್ ದ್ವೀಪದಲ್ಲಿ ಆಸ್ಟ್ರೇಲಿಯದ ಸಿಡ್ನಿ ಎಂಬ ಹಡಗು ಅದನ್ನು ಮುಗಿಸಿತು. ಹ್ಯಾಂಪ್‌ಶೈರ್ ಕೊಲಂಬೊದಿಂದ ಅಂಜಾಕ್ (ಆಸ್ಟ್ರೇಲಿಯ, ನ್ಯೂಜಿಲೆಂಡ್) ಸೈನಿಕರ ಹಡಗುಗಳಿಗೆ ಕಾವಲಾಗಿ ಈಜಿಪ್ಟಿನ ಕಡೆ ಹೋಯಿತು. ಬೆಂಗಳೂರಿನ ಜೆ.ಸಿ. ನಗರದಲ್ಲಿ ಸ್ಮಾರಕ ಇರುವ ಮೈಸೂರು ಲ್ಯಾನ್ಸರ್ಸ್ ಕೂಡ ಆ ಚಳಿಗಾಲದಲ್ಲೇ ಕುದುರೆ ಸಮೇತ ಹಡಗು ಹತ್ತಿ ಈಜಿಪ್ಟ್ ತಲುಪಿದ್ದು. ಇಂಥ ಸೈನಿಕರ ಸಾಲು ಹಡಗುಗಳನ್ನು ಕಾಯುವುದೇ ಆ ತಿಂಗಳುಗಳಲ್ಲಿ ಆರ್ಮರ್ಡ್ ಕ್ರೂಸರ್‌ಗಳ ನಿಜವಾದ ದುಡಿಮೆ. ಸದ್ದಿಲ್ಲದ ಕೆಲಸ, ಪುಸ್ತಕಗಳಲ್ಲಿ ಅರ್ಧ ಸಾಲು.

ಜಟ್‌ಲೆಂಡ್‌ನಿಂದ ಹ್ಯಾಂಪ್‌ಶೈರ್ ಗಾಯವಿಲ್ಲದೆ ಮರಳಿತು. ಐದೇ ದಿನಕ್ಕೆ, 1916ರ ಜೂನ್ 5ರಂದು, ಯುದ್ಧ ಮಂತ್ರಿ ಲಾರ್ಡ್ ಕಿಚನರ್‌ರನ್ನು ರಷ್ಯಾಕ್ಕೆ ಕರೆದೊಯ್ಯಲು ಸ್ಕಾಟ್ಲೆಂಡಿನ ಆರ್ಕ್ನಿ ದ್ವೀಪಗಳಲ್ಲಿದ್ದ ನೌಕಾನೆಲೆ ಸ್ಕಾಪಾ ಫ್ಲೋದಿಂದ ಹೊರಟಿತು. 1902ರಿಂದ 1909ರವರೆಗೆ ಭಾರತದ ಸೇನಾ ಮುಖ್ಯಸ್ಥರಾಗಿದ್ದು, ಕರ್ಜನ್ ಜೊತೆ ಜಗಳವಾಡಿದ ಅದೇ ಕಿಚನರ್. ಬಿರುಗಾಳಿ ಜೋರಾಗಿತ್ತು. ಕಾವಲಿನ ಡಿಸ್ಟ್ರಾಯರ್‌ಗಳಿಗೆ ಜೊತೆ ಓಡಲು ಆಗದೆ ಅವನ್ನು ವಾಪಸ್ ಕಳಿಸಿದರು. ಆರ್ಕ್ನಿಯ ಮಾರ್ವಿಕ್ ಹೆಡ್ ಹತ್ತಿರ, ಜರ್ಮನ್ ಜಲಾಂತರ್ಗಾಮಿ ಯು-75 ಕೆಲವು ದಿನ ಮುಂಚೆ ಬಿಟ್ಟುಹೋಗಿದ್ದ ಮೈನ್‌ಗೆ ಬಡಿದು ಸುಮಾರು ಕಾಲು ಗಂಟೆಯಲ್ಲಿ ಮುಳುಗಿತು. 737 ಜನ ಸತ್ತರು, ಉಳಿದವರು 12. ಕಿಚನರ್ ದೇಹ ಸಿಗಲಿಲ್ಲ.

ಇಲ್ಲೊಂದು ಎಚ್ಚರಿಕೆ. ಹ್ಯಾಂಪ್‌ಶೈರ್ ಬಗ್ಗೆ ಓದಲು ಹೋದರೆ ಹತ್ತರಲ್ಲಿ ಏಳು ಪುಟ ಕಿಚನರ್ ಬಗ್ಗೆಯೇ ಇರುತ್ತದೆ. ಗೂಢಚಾರರು, ಬಾಂಬ್, ಕಿಚನರ್ ಸತ್ತೇ ಇಲ್ಲ, ಹೀಗೆ ಕಟ್ಟುಕಥೆಗಳ ಸಂತೆ. ಹಡಗಿನ ಹನ್ನೊಂದು ವರ್ಷದ ಸೇವೆ ಆ ಗದ್ದಲದಲ್ಲಿ ಕಳೆದುಹೋಗುತ್ತದೆ. ಜರಡಿ ಹಿಡಿಯುವ ತಾಳ್ಮೆ ಬೇಕು.

ಖರ್ಚಿನ ಲೆಕ್ಕದಲ್ಲಿ ಇದರಲ್ಲಿ ಎರಡು ತುದಿ ಇವೆ. ಕಡಿಮೆ ಕಾಸಿನದು: ಬೆಂಗಳೂರಿನಿಂದ ರೈಲು ಹತ್ತಿ ಚೆನ್ನೈಗೆ ಹೋಗಿ. ಅಲ್ಲಿನ ಹೈಕೋರ್ಟ್ ಆವರಣದ ಗೋಡೆಯಲ್ಲಿ ಎಮ್ಡೆನ್ ದಾಳಿಯ ನೆನಪಿನ ಫಲಕ ಇದೆ. ಹ್ಯಾಂಪ್‌ಶೈರ್ ಯಾಕೆ ಈ ಕಡಲಲ್ಲಿ ಅಲೆಯಿತು ಅನ್ನುವುದು ಅಲ್ಲಿ ನಿಂತರೆ ತಲೆಗೆ ಇಳಿಯುತ್ತದೆ. ದುಬಾರಿಯದು: ಬ್ರಿಟನ್‌ನಲ್ಲಿ ಇರುವವರು, ಅಥವಾ ಮಗನೋ ಮಗಳೋ ಅಲ್ಲಿ ಇರುವವರು, ಆರ್ಕ್ನಿಯ ಮಾರ್ವಿಕ್ ಹೆಡ್‌ಗೆ ಹೋಗಬಹುದು. ಬಂಡೆಯಂಚಿನಲ್ಲಿ 1926ರ ಕಿಚನರ್ ಗೋಪುರ, ಅದರ ಪಕ್ಕದಲ್ಲಿ ಸತ್ತ ನಾವಿಕರ ಹೆಸರು ಕೆತ್ತಿದ ಗೋಡೆ. ಆ ಗೋಡೆ ಬಂದದ್ದು 2016ರಲ್ಲಿ. ಲಾರ್ಡ್‌ಗೆ ಹತ್ತು ವರ್ಷದಲ್ಲಿ ಗೋಪುರ, ನಾವಿಕರಿಗೆ ನೂರು ವರ್ಷದ ಮೇಲೆ ಗೋಡೆ. ಹಡಗು ಅಲ್ಲೇ ಕೆಳಗೆ ತಲೆಕೆಳಗಾಗಿ ಮಲಗಿದೆ.

ಕೆಂಟ್

ಈಗ ನನ್ನ ಪಕ್ಷಪಾತ ಹೇಳಿಬಿಡುತ್ತೇನೆ. ಐದರಲ್ಲಿ ಅತಿ ಚಿಕ್ಕದು, ಅತಿ ದುರ್ಬಲ ಕೂಡ. 9,800 ಟನ್, 1901ರಲ್ಲಿ ಪೋರ್ಟ್ಸ್‌ಮತ್‌ನಲ್ಲಿ ನೀರಿಗಿಳಿದದ್ದು, ಹದಿನಾಲ್ಕು 6 ಅಂಗುಲದ ಫಿರಂಗಿ ಮಾತ್ರ, ಪಕ್ಕದ ಕವಚ ನಾಲ್ಕೇ ಅಂಗುಲ. ಕೊರೊನೆಲ್‌ನಲ್ಲಿ ಮುಳುಗಿದ ಮನ್ಮತ್‌ನ ಅವಳಿ ಅನ್ನಬಹುದು. ಬಹಳ ವರ್ಷ ಚೀನಾ ಠಾಣ್ಯದಲ್ಲಿ ಸವೆಯಿತು. 1914ರ ಅಕ್ಟೋಬರ್‌ನಲ್ಲಿ ಅವಸರದಲ್ಲಿ ಎಬ್ಬಿಸಿ, ಕ್ಯಾಪ್ಟನ್ ಜಾನ್ ಅಲೆನ್ ಕೈಗೆ ಕೊಟ್ಟು ದಕ್ಷಿಣಕ್ಕೆ ಓಡಿಸಿದರು.

ಡಿಸೆಂಬರ್ 8, ಫಾಕ್‌ಲ್ಯಾಂಡ್ ದ್ವೀಪ. ವಾನ್ ಸ್ಪೀ ಬಂದ, ಬ್ರಿಟಿಷ್ ಬ್ಯಾಟಲ್‌ಕ್ರೂಸರ್‌ಗಳನ್ನು ಕಂಡು ತಿರುಗಿದ, ಅವನ ಹಡಗುಗಳು ಚದುರಿದವು. ಕೆಂಟ್ ಪಾಲಿಗೆ ಬಂದದ್ದು ನ್ಯೂರ್ನ್‌ಬರ್ಗ್. ಮನ್ಮತ್‌ಗೆ ಕೊನೆಯ ಏಟು ಹಾಕಿದ್ದು ಅದೇ. ಆದರೆ ನ್ಯೂರ್ನ್‌ಬರ್ಗ್ ಹೊಸ ಹಡಗು, ವೇಗದ್ದು. ಕೆಂಟ್‌ನಲ್ಲಿ ಕಲ್ಲಿದ್ದಲು ಸಾಲದು. ಆಗ ಹಡಗಿನಲ್ಲಿದ್ದ ಮರವನ್ನೆಲ್ಲ ಒಡೆದರು. ಮೇಜು, ಕುರ್ಚಿ, ಬಾಗಿಲು, ಏಣಿ, ಕಪಾಟು, ಎಲ್ಲಾ ಒಲೆಗೆ. 23 ನಾಟ್‌ಗೆ ಕಟ್ಟಿದ ಮುದಿ ಹಡಗು 24 ದಾಟಿ ಓಡಿತು. ಆ ಕಡೆ ನ್ಯೂರ್ನ್‌ಬರ್ಗ್‌ನ ಎರಡು ಬಾಯ್ಲರ್ ಒತ್ತಡ ತಾಳದೆ ಒಡೆದವು. ಸಂಜೆ ಏಳೂವರೆ ಹೊತ್ತಿಗೆ ಅದು ಮುಳುಗಿತು. ಕೆಂಟ್‌ನ ದೋಣಿಗಳೆಲ್ಲ ಗುಂಡು ತಗುಲಿ ತೂತಾಗಿದ್ದವು. ತೇಪೆ ಹಾಕಿ ನೀರಿಗಿಳಿಸುವಷ್ಟರಲ್ಲಿ ತಡವಾಗಿತ್ತು. ಬದುಕಿದ್ದು ಏಳು ಜನ. ವಾನ್ ಸ್ಪೀಯ ಮಗ ಒಟ್ಟೊ ಅವರಲ್ಲಿ ಇರಲಿಲ್ಲ.

ಕೆಂಟ್‌ಗೆ ಮೂವತ್ತೇಳೆಂಟು ಗುಂಡು ತಗುಲಿದ್ದವು. ಒಂದು ಗುಂಡು ಫಿರಂಗಿಯ ಗೂಡಿಗೆ ಬಡಿದು ಅಲ್ಲಿದ್ದ ಕಾರ್ಡೈಟ್ ಮದ್ದಿಗೆ ಬೆಂಕಿ ಹತ್ತಿತು. ಬೆಂಕಿ ಕೆಳಗಿನ ಮದ್ದಿನ ಕೋಣೆಗೆ ಇಳಿದಿದ್ದರೆ ಒಂದೂವರೆ ವರ್ಷದ ಮೇಲೆ ಡಿಫೆನ್ಸ್‌ಗೆ ಆದದ್ದೇ ಕೆಂಟ್‌ಗೂ ಆಗುತ್ತಿತ್ತು. ಸಾರ್ಜೆಂಟ್ ಚಾರ್ಲ್ಸ್ ಮೇಯ್ಸ್ ಎಂಬ ಮರೀನ್ ಸೈನಿಕ ಉರಿಯುವ ಮದ್ದಿನ ಚೀಲವನ್ನು ಎತ್ತಿ ಎಸೆದು, ನೀರಿನ ಪೈಪ್ ಹಿಡಿದು ಬೆಂಕಿ ಆರಿಸಿದ. ಕೆಂಟ್ ಉಳಿದದ್ದರಿಂದ, ಮೇಯ್ಸ್ ಏನು ಮಾಡಿದ ಅಂತ ನಮಗೆ ಗೊತ್ತು. ಗುಡ್ ಹೋಪ್‌ನಲ್ಲೂ ಒಬ್ಬ ಮೇಯ್ಸ್ ಇದ್ದಿರಬಹುದು, ಅಲ್ವಾ?

ಇಲ್ಲಿಗೆ ಬೇರೆ ಹಡಗಿನ ಕಥೆ ಮುಗಿಯುತ್ತಿತ್ತು. ಕೆಂಟ್‌ನದು ಅರ್ಧ ಆಯಿತಷ್ಟೆ. ತಪ್ಪಿಸಿಕೊಂಡ ಡ್ರೆಸ್ಡೆನ್‌ಗಾಗಿ ಮೂರು ತಿಂಗಳು ಚಿಲಿಯ ಕರಾವಳಿಯ ಸಂದುಗೊಂದು ಹುಡುಕಿತು. 1915ರ ಮಾರ್ಚ್ 14ರಂದು ಹುವಾನ್ ಫರ್ನಾಂಡೆಜ್ ದ್ವೀಪಗಳಲ್ಲಿ ಅದು ಸಿಕ್ಕಿತು. ಆ ನೀರು ಚಿಲಿಯದು, ತಟಸ್ಥ. ಆದರೂ ಬ್ರಿಟಿಷರು ಗುಂಡು ಹಾರಿಸಿದರು. ಡ್ರೆಸ್ಡೆನ್‌ನಿಂದ ಮಾತುಕತೆಗೆ ಬಂದ ಯುವ ಅಧಿಕಾರಿ ವಿಲ್‌ಹೆಲ್ಮ್ ಕನಾರಿಸ್, ಮುಂದೆ ಹಿಟ್ಲರ್ ಕಾಲದಲ್ಲಿ ಜರ್ಮನ್ ಸೇನಾ ಗೂಢಚಾರ ಇಲಾಖೆಯ ಮುಖ್ಯಸ್ಥನಾದವನು.

ಆಮೇಲೆ ಮತ್ತೆ ಚೀನಾ, ಆಮೇಲೆ ಸಾಲು ಹಡಗುಗಳ ಕಾವಲು. ಯುದ್ಧ ಮುಗಿಯಿತು, ಕೆಂಟ್‌ಗೆ ಮುಗಿಯಲಿಲ್ಲ. 1919ರ ಜನವರಿಯಲ್ಲಿ ವ್ಲಾಡಿವಸ್ತೋಕ್‌ಗೆ ಹೋಯಿತು, ರಷ್ಯಾದ ಅಂತರ್ಯುದ್ಧಕ್ಕೆ. ಅಲ್ಲಿಂದ ಅದರ ಮರೀನ್ ಸೈನಿಕರ ಒಂದು ತಂಡ ಸೈಬೀರಿಯದ ರೈಲು ಹತ್ತಿ ಸಾವಿರಾರು ಕಿಲೋಮೀಟರ್ ಪಡುವಣಕ್ಕೆ ಹೋಗಿ, ಉರಲ್ ಬೆಟ್ಟದ ಆಚೆ ಪೆರ್ಮ್ ಊರಿನ ಕಾಮಾ ನದಿಯಲ್ಲಿ ಒಂದು ಹಬೆ ದೋಣಿಗೆ ಫಿರಂಗಿ ಕಟ್ಟಿ ಬೊಲ್ಶೆವಿಕ್‌ಗಳ ಮೇಲೆ ಹೋರಾಡಿತು. ಆ ದೋಣಿಗೆ ಅವರು ಇಟ್ಟ ಹೆಸರು ಕೆಂಟ್. ಜೊತೆಗಿದ್ದ ತೆಪ್ಪಕ್ಕೆ ಇನ್ನೊಂದು ಕ್ರೂಸರ್‌ನ ಹೆಸರು, ಸಫೊಕ್. ಫಾಕ್‌ಲ್ಯಾಂಡ್‌ನಿಂದ ಉರಲ್‌ವರೆಗೆ ಒಂದು ಹಡಗಿನ ಹೆಸರು ಹೋದದ್ದನ್ನು ನಕಾಶೆಯಲ್ಲಿ ಬೆರಳಿಟ್ಟು ನೋಡಿ. 1920ರ ಜೂನ್‌ನಲ್ಲಿ ಹಾಂಗ್‌ಕಾಂಗ್‌ನಲ್ಲಿ ಗುಜರಿಗೆ ಮಾರಿದರು. ಸ್ಮಾರಕ ಗೋಪುರ ಇಲ್ಲ, ತಳದಲ್ಲಿ ಮಲಗಿದ ಮೈ ಇಲ್ಲ. ಜನ ಇದನ್ನು ಆರಿಸಿಕೊಳ್ಳದೆ ಇರುವುದೂ ಅದಕ್ಕೇ ಇರಬೇಕು.

ಕೊರತೆ ಇಲ್ಲ ಅಂತಲ್ಲ. ನಮ್ಮ ನೆಲದ ನಂಟು ಇದರಲ್ಲಿ ಸಿಗುವುದಿಲ್ಲ. ಹೋಗಿ ನೋಡುವ ಜಾಗಗಳು ಜಗತ್ತಿನ ಮೂಲೆಮೂಲೆಯಲ್ಲಿವೆ. ಆಳವಾಗಿ ಹೋಗಬೇಕು ಅಂದರೆ ಮೂರು ನಾಲ್ಕು ಬೇರೆ ಬೇರೆ ಇತಿಹಾಸಗಳನ್ನು, ಅದರಲ್ಲಿ ರಷ್ಯಾದ ಅಂತರ್ಯುದ್ಧವನ್ನೂ, ಕಲಿಯಬೇಕಾಗುತ್ತದೆ. ಆರು ತಿಂಗಳು ಖಂಡಿತ.

ಯಾರಿಗೆ ಯಾವುದು

ಶಾಲೆಯ ಮಕ್ಕಳಿಗೆ ಹೇಳಲು ಒಂದು ಕಥೆ ಬೇಕು, ಒಂದು ವಾರ ಸಾಕು ಅಂದರೆ ಹ್ಯಾಂಪ್‌ಶೈರ್. ಎಮ್ಡೆನ್‌ನಿಂದ ಶುರು ಮಾಡಿ, ಮಕ್ಕಳು ಬಿಡುವುದಿಲ್ಲ. ನಾಯಕರ ತಪ್ಪು ಒಪ್ಪು ತೂಗುವ ಆಸೆ ಇದ್ದರೆ ಗುಡ್ ಹೋಪ್, ಅದಕ್ಕೆ ಜೋಡಿಯಾಗಿ ಡಿಫೆನ್ಸ್. ಎರಡನ್ನೂ ಒಟ್ಟಿಗೆ ಓದಿದರೆ ಟ್ರೌಬ್ರಿಜ್, ಕ್ರಾಡಕ್, ಅರ್ಬತ್‌ನಾಟ್ ಮೂವರೂ ಒಂದೇ ದಾರದಲ್ಲಿ ಸಿಗುತ್ತಾರೆ. ಬಿಡಿಬಿಡಿಯಾಗಿ ಓದಿದರೆ ಆ ದಾರ ಕೈಗೆ ಬರುವುದಿಲ್ಲ. ಒಂದು ಸಂಜೆ ಮಾತ್ರ ಇದೆ ಅಂದರೆ ಕ್ರೆಸ್ಸಿ. ಮಾದರಿ ಹಡಗು ಅಂಟಿಸಿ ಕಟ್ಟುವ ಹವ್ಯಾಸದವರಿಗೆ ಡಿಫೆನ್ಸ್ ಅಥವಾ ಗುಡ್ ಹೋಪ್ ಕಣ್ಣಿಗೆ ಚೆಂದ, ಫಿರಂಗಿ ದೊಡ್ಡವು. ಕೆಂಟ್‌ನ ಪಕ್ಕದ ಪುಟ್ಟ ಗೂಡುಗಳನ್ನು ಕೊರೆಯುತ್ತಾ ಕೂತರೆ ಬೆರಳು ನೋಯುತ್ತದೆ.

ದುಡ್ಡು ಖರ್ಚು ಮಾಡುವ ಮನಸ್ಸಿಲ್ಲದವರಿಗೂ ದಾರಿ ಇದೆ. ಯುದ್ಧ ಮುಗಿದ ಮೇಲೆ ಬಂದ ಬ್ರಿಟಿಷರ ಅಧಿಕೃತ ನೌಕಾ ಇತಿಹಾಸ ಇಂಟರ್ನೆಟ್ ಆರ್ಕೈವ್‌ನಲ್ಲಿ ಪುಕ್ಕಟೆ ಸಿಗುತ್ತದೆ. ಓಲ್ಡ್ ವೆದರ್ ಎಂಬ ಯೋಜನೆಯಲ್ಲಿ ಸ್ವಯಂಸೇವಕರು ಹಲವು ಬ್ರಿಟಿಷ್ ಹಡಗುಗಳ ದಿನಚರಿ ಪುಸ್ತಕಗಳನ್ನು ಸಾಲು ಸಾಲಾಗಿ ಟೈಪ್ ಮಾಡಿ ಇಟ್ಟಿದ್ದಾರೆ. ಹಳೆಯ ಹವಾಮಾನ ತಿಳಿಯಲು ಮಾಡಿದ ಕೆಲಸ ಅದು, ನಮಗೂ ಉಪಯೋಗಕ್ಕೆ ಬಂತು. ಗಾಳಿ ಯಾವ ಕಡೆಯಿಂದ, ಎಷ್ಟು ಟನ್ ಕಲ್ಲಿದ್ದಲು ತುಂಬಿದರು, ಯಾರಿಗೆ ಕಾಯಿಲೆ, ಯಾರಿಗೆ ಶಿಕ್ಷೆ. ಸುಮ್ನೆ ಒಂದು ತಿಂಗಳ ಪುಟಗಳನ್ನು ಓದಿ ನೋಡಿ. ಅದು ಬೇಸರ ಅನ್ನಿಸಿದರೆ ಕ್ರೆಸ್ಸಿ ಅಥವಾ ಹ್ಯಾಂಪ್‌ಶೈರ್‌ಗೆ ಹೋಗಿ. ಕಲ್ಲಿದ್ದಲಿನ ಲೆಕ್ಕವೂ ಹಿಡಿಸಿದರೆ ನೀವು ಕೆಂಟ್‌ನವರು.

ಕೆಂಟ್ ಹಿಡಿಯುವುದಾದರೆ 1901ರಿಂದ ಶುರು ಮಾಡಬೇಡಿ. 1914ರ ಡಿಸೆಂಬರ್ 8ರ ರಾತ್ರಿಯಿಂದ ಶುರು ಮಾಡಿ. ಕದನದಲ್ಲಿ ಅದರ ವೈರ್‌ಲೆಸ್ ಹಾಳಾಗಿತ್ತು. ಉಳಿದ ಹಡಗುಗಳು ಕರೆದರೂ ಉತ್ತರ ಹೋಗಲಿಲ್ಲ, ಕೆಂಟ್ ಮುಳುಗಿರಬೇಕು ಅಂದುಕೊಂಡು ಹುಡುಕತೊಡಗಿದವು. ಮರುದಿನ ಮಧ್ಯಾಹ್ನ, ಒಳಗೆ ಕೂರಲು ಒಂದು ಕುರ್ಚಿಯೂ ಉಳಿಯದ ಆ ಹಡಗು ತಾನಾಗಿ ಪೋರ್ಟ್ ಸ್ಟಾನ್ಲಿಗೆ ಬಂದು ಲಂಗರು ಹಾಕಿತು.